ಹೂಂ ಅಂದ ತಪ್ಪಿಗೆ ಸೈಡ್‌ಕಾರ್

ಬೈಕಿನ ಪಕ್ಕಕ್ಕೆ ಒಂದು ಸೈಡ್‌ಕಾರ್ ಬೇಕು ಅಂತ ನಾನು ಯಾವತ್ತೂ ಕೇಳಿದವಳಲ್ಲ. ಆದರೆ ಅದಕ್ಕೆ ಒಪ್ಪಿಗೆ ಕೊಟ್ಟವಳು ನಾನೇ, ಅದೂ ಒಂದು ಸಲ ಅಲ್ಲ, ನಾಲ್ಕು ಸಲ. ಮೊದಲನೇ ಸಲ ರೈಲ್ವೆ ಗೇಟಿನ ಹತ್ತಿರ, ಎರಡನೇ ಸಲ ಮೇಲ್ಸೇತುವೆಯ ಮೇಲೆ, ಮೂರನೇದು ತರಕಾರಿ ಮಾರುಕಟ್ಟೆಯ ತಿರುವಿನಲ್ಲಿ. ನಾಲ್ಕನೇದು ಎಲ್ಲಿ ಅಂತ ನಮ್ಮವರಿಗೂ ಸರಿಯಾಗಿ ನೆನಪಿಲ್ಲ. ಆ ನಾಲ್ಕೂ ಸಲ ನಾನು ಬೈಕಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ನಮ್ಮವರು ಮುಂದೆ ನೋಡಿಕೊಂಡೇ ಏನೋ ಕೇಳಿದ್ದರು, ನಾನು ಅವರ ಭುಜ ತಟ್ಟಿ "ಹೂಂ" ಅಂದಿದ್ದೆ.

ಹಿಂದಿನ ಸೀಟಿನಲ್ಲಿ ಕೂತು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನವರ ಮಾತನ್ನು ಗಾಳಿ ಅರ್ಧ ತಿನ್ನುತ್ತದೆ, ಹೆಲ್ಮೆಟ್ಟು ಇನ್ನರ್ಧ. ನಮಗೆ ಸಿಗುವುದು "...ಲಾ?" ಅಂತಲೋ "...ದ್ದಾ?" ಅಂತಲೋ ಒಂದು ಬಾಲ ಮಾತ್ರ. "ಏನಂದ್ರಿ?" ಅಂದರೆ ಇವರು ಕತ್ತು ಪೂರ್ತಿ ತಿರುಗಿಸಿ ಹೇಳುತ್ತಾರೆ, ಅಷ್ಟರಲ್ಲಿ ಎದುರಿಗೆ ಗುಂಡಿ ಬಂದಿರುತ್ತದೆ. ಜೀವದ ಆಸೆಗೆ ನಾನು ಮದುವೆಯಾದ ಹೊಸದರಲ್ಲೇ ಹೂಂ ಅನ್ನುವುದನ್ನು ಕಲಿತೆ. ಮೂವತ್ತು ವರ್ಷದಲ್ಲಿ ಈ ಒಂದಕ್ಷರದ ಕೃಪೆಯಿಂದ ನಮ್ಮ ನಡುಮನೆಯ ಗೋಡೆಗೆ ಬದನೆಕಾಯಿ ಬಣ್ಣ ಬಂದಿದೆ, ಇವರ ಸ್ನೇಹಿತನ ಮೀನಿನ ತೊಟ್ಟಿ ಎರಡು ತಿಂಗಳು ನಮ್ಮ ಊಟದ ಮೇಜಿನ ಮೇಲೆ ಕೂತಿದೆ, ನನ್ನ ನಾದಿನಿ ಮೇಲಿನ ಮಹಡಿಗೆ ಸಾಮಾನು ಸಮೇತ ಬಂದು ನೆಲೆಸಿದ್ದಾಳೆ. ಎಲ್ಲದಕ್ಕೂ ನಾನು ಹೂಂ ಅಂದಿದ್ದೆನಂತೆ.

ಮೂರು ವರ್ಷದ ಹಿಂದೆ ಈ ಹೂಂ ಬೈಕಿನಿಂದ ಇಳಿದು ಮನೆಯೊಳಕ್ಕೂ ಬಂತು. ಒಂದು ವಾರ ಜ್ವರ ಬಂದು ಬಿಟ್ಟ ಮೇಲೆ, ಬೆಳಿಗ್ಗೆ ಫೋನ್ ಎತ್ತಿ ಬಲಗಿವಿಗೆ ಇಟ್ಟುಕೊಂಡೆ. ಸದ್ದೇ ಇಲ್ಲ. ಫೋನ್ ಕೆಟ್ಟಿದೆ ಅಂತ ಬೈದುಕೊಂಡು ರಿಪೇರಿಗೆ ಕೊಟ್ಟು ಬಂದೆ. ಸಂಜೆ ನಮ್ಮವರು ಅದನ್ನು ವಾಪಸು ತಂದು, "ಏನೂ ಆಗಿಲ್ಲವಂತೆ" ಅಂತ ಮೇಜಿನ ಮೇಲಿಟ್ಟರು. ಎಡಗಿವಿಗೆ ಇಟ್ಟುಕೊಂಡರೆ ಗಣಗಣ ಕೇಳಿತು. ಯಾರಿಗೂ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋದೆ. ಅವರು ನರ ಸತ್ತಿದೆ, ಮತ್ತೆ ಬರುವುದಿಲ್ಲ, ಮಿಷನ್ನು ಹಾಕಿದರೂ ಪ್ರಯೋಜನವಿಲ್ಲ, ಇನ್ನೊಂದು ಚೆನ್ನಾಗಿದೆಯಲ್ಲ, ಸಾಕು ಬಿಡಿ ಅಂದರು. ಚಪ್ಪಲಿಯಲ್ಲಿ ಒಂದು ಕಳೆದರೂ ಜನ ಇಷ್ಟು ಸುಲಭವಾಗಿ ಮಾತಾಡುವುದಿಲ್ಲ.

ನಾನು ಮುಚ್ಚಿಟ್ಟಿದ್ದಕ್ಕೆ ಕಾರಣ ಇದೆ. ನಮ್ಮದು ರಬ್ಬರ್ ಸ್ಟ್ಯಾಂಪಿನ ಅಂಗಡಿ. ಎರಡಾಳು ಅಗಲದ ಜಾಗ. ಒಳಗೆ ದೀಪದ ಕೆಳಗೆ ನಮ್ಮವರು ಕೂತು ಸಣ್ಣ ಬ್ಲೇಡಿನಲ್ಲಿ ರಬ್ಬರಿನ ಮೇಲೆ ಅಕ್ಷರ ಕೆತ್ತುತ್ತಾರೆ, ಕೌಂಟರಿನಲ್ಲಿ ನಾನು. ಬಂದವರು ಬೇಕಾದ ಹೆಸರು, ಹುದ್ದೆ, ವಿಳಾಸ ಬಾಯಲ್ಲಿ ಹೇಳುತ್ತಾರೆ, ನಾನು ಚೀಟಿಯಲ್ಲಿ ಬರೆದುಕೊಡುತ್ತೇನೆ. ಸ್ಟ್ಯಾಂಪಿನಲ್ಲಿ ಎಲ್ಲ ಅಕ್ಷರವೂ ತಿರುಗುಮುರುಗಾಗಿ ಇರಬೇಕು, ಒತ್ತಿದಾಗ ನೇರವಾಗಿ ಬೀಳಬೇಕು. ಇವರು ಮೊದಲು ಕಾಗದದ ಮೇಲೆ ಉಲ್ಟಾ ಬರೆದುಕೊಂಡು, ಗೋಡೆಯಲ್ಲಿ ನೇತುಹಾಕಿದ ಪುಟ್ಟ ಕನ್ನಡಿಯಲ್ಲಿ ಸರಿನೋಡಿ, ಆಮೇಲೆ ಬ್ಲೇಡು ಹಿಡಿಯುತ್ತಾರೆ. ಮೂವತ್ತು ವರ್ಷದಲ್ಲಿ ಒಂದು ಕೊಂಬೂ ದಿಕ್ಕು ತಪ್ಪಿಲ್ಲ. ಬೀದಿಯವರೆಲ್ಲ ಇವರನ್ನು ಉಲ್ಟಾ ಮೇಷ್ಟ್ರು ಅಂತ ಕರೆಯುತ್ತಾರೆ. ಇವರ ಕೈ ಹೇಗೋ ನನ್ನ ಕಿವಿಯೂ ಹಾಗೇ ಅಂಗಡಿಯ ಬಂಡವಾಳ. ಆ ಕೌಂಟರ್ ಅಂದರೆ ನನಗೆ ಪ್ರಾಣ. ದಿನಕ್ಕೆ ಇಪ್ಪತ್ತು ಜನರ ದೊಡ್ಡಸ್ತಿಕೆ ನೋಡಲು ಬೇರೆ ಎಲ್ಲಿ ಸಿಗುತ್ತದೆ? ಹೊಸದಾಗಿ ಬಡ್ತಿ ಸಿಕ್ಕವರು ತಮ್ಮ ಹುದ್ದೆಯ ಹೆಸರನ್ನು ಎರಡು ಸಲ ಹೇಳುತ್ತಾರೆ, ಎರಡನೇ ಸಲ ಇನ್ನೂ ನಿಧಾನವಾಗಿ. ಕಿವಿ ಕೇಳದವಳನ್ನು ಅಲ್ಲಿ ಕೂರಿಸುವವರು ಯಾರು? ಅದಕ್ಕೇ ಮೂರು ವರ್ಷದಿಂದ "ಏನಂದ್ರಿ?" ಅನ್ನುವ ಮಾತನ್ನೇ ಬಾಯಿಂದ ಹೊರಗೆ ಬಿಟ್ಟಿಲ್ಲ.

ಸಿಕ್ಕಿಬೀಳುವುದು ಒಂದು ಸಲ ಕೂದಲೆಳೆಯಲ್ಲಿ ತಪ್ಪಿತು. ಗ್ರಂಥಾಲಯದ ಗುಮಾಸ್ತರು ಬಂದು ನನ್ನ ಬಲಕ್ಕೆ ನಿಂತು ಒಂದು ಸ್ಟ್ಯಾಂಪು ಹೇಳಿದರು. ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುತ್ತಾ ಪೀಪೀ ಅನ್ನುತ್ತಿತ್ತು. ನಾನು ಹೂಂ ಅಂತ ಬರೆದುಕೊಂಡೆ. ಅವರಿಗೆ ಬೇಕಾಗಿದ್ದದ್ದು, ವರ್ಷಗಟ್ಟಲೆ ಪುಸ್ತಕ ಹಿಂತಿರುಗಿಸದವರ ಕಾರ್ಡಿನ ಮೇಲೆ ಒತ್ತಲು "ರದ್ದು ಮಾಡಲಾಗಿದೆ." ನಾನು ಬರೆದದ್ದು "ಮುದ್ದು ಮಾಡಲಾಗಿದೆ." ಬರೆಯುವಾಗ ಒಂದು ಕ್ಷಣ ಅನುಮಾನ ಬಂದಿತ್ತು, ನಿಜ. ಮಕ್ಕಳ ವಿಭಾಗಕ್ಕೆ ಇರಬೇಕು ಅಂದುಕೊಂಡೆ.

ಗುಮಾಸ್ತರು ನೋಡದೆಯೇ ಏಳು ಕಾರ್ಡಿನ ಮೇಲೆ ಒತ್ತಿ ಅಂಚೆಗೆ ಹಾಕಿಬಿಟ್ಟರು. ಆರು ಜನ ನಗುನಗುತ್ತಾ ಬಂದು ಪುಸ್ತಕ ಕೊಟ್ಟು ಹೋದರಂತೆ. ಏಳನೆಯವರು, ನಿವೃತ್ತ ಸರ್ವೇಯರು, ಕೂದಲು ಬಾಚಿಕೊಂಡು ಬಂದು, ಇದನ್ನು ಮಾಡಿದ್ದು ಯಾರು ಅಂತ ವಿಚಾರಿಸಿದರಂತೆ. ಗುಮಾಸ್ತರು ಕೆಂಪಗಾಗಿ ನಮ್ಮ ಅಂಗಡಿಗೆ ಬಂದರು. ನಮ್ಮವರು ಎದ್ದು ಬಂದು ಚೀಟಿ ನೋಡಿದರು, ಮಡಚಿ ಕಿಸೆಗೆ ಹಾಕಿಕೊಂಡರು.

"ನಂದೇ ತಪ್ಪು ಸಾರ್. ಇವಳು ಸರಿಯಾಗೇ ಬರೆದಿದಾಳೆ, ನನ್ನ ಕಣ್ಣು ಕೈ ಕೊಡ್ತು" ಅಂದರು. ಕೂತಲ್ಲೇ ಹೊಸದು ಕೆತ್ತಿಕೊಟ್ಟರು. ತಪ್ಪಿದ ಸ್ಟ್ಯಾಂಪು ನಮ್ಮ ಡ್ರಾಯರಿನಲ್ಲೇ ಉಳಿಯಿತು.

ನನ್ನ ಅಕ್ಷರ ಅಷ್ಟು ಕೆಟ್ಟದಾಗಿರುವುದರಿಂದ ಬಚಾವಾದೆ ಅಂತ ನಾನು ಸಮಾಧಾನ ಮಾಡಿಕೊಂಡೆ. ಮಾರನೇ ದಿನ ಇವರು ಬೆಳಕು ಸಾಲದು ಅಂತ ಹೇಳಿ ಕೌಂಟರನ್ನು ಬಾಗಿಲಿನ ಆ ಪಕ್ಕದಿಂದ ಈ ಪಕ್ಕಕ್ಕೆ ಎಳೆದರು. ಗಿರಾಕಿಗಳು ಈಗ ನನ್ನ ಎಡಕ್ಕೆ ನಿಲ್ಲತೊಡಗಿದರು. ಅದೃಷ್ಟ ಅಂದರೆ ಇದು ಅಂದುಕೊಂಡೆ. ನನ್ನಷ್ಟು ದಡ್ಡಿ ಈ ಬೀದಿಯಲ್ಲಿ ಇನ್ನೊಬ್ಬಳಿಲ್ಲ.

ಆದರೆ ನಾದಿನಿ ಬಿಡುವವಳಲ್ಲ. ಅವಳು ಸಿಟಿ ಬಸ್ಸಿನ ಕಂಡಕ್ಟರ್. ತುಂಬಿದ ಬಸ್ಸಿನ ಹಿಂದಿನ ಮೆಟ್ಟಿಲಿನಿಂದ ಡ್ರೈವರನಿಗೆ ಕೇಳುವ ಹಾಗೆ ಕೂಗಿ ಕೂಗಿ ಬೆಳೆದ ಗಂಟಲು. ಮನೆಯಲ್ಲಿ ಅವಳ ಮಾತಿಗೆ ಮಾತ್ರ ನಾನು ಅಂದಾಜಿನ ಹೂಂ ಅನ್ನಬೇಕಾಗಿರಲಿಲ್ಲ.

"ಅಣ್ಣನ ಕಣ್ಣೋ, ಅತ್ತಿಗೆ ಕೈಯೋ, ಯಾವುದೋ ಒಂದು ಸರಿ ಇಲ್ಲ" ಅಂದಳು ಮುದ್ದು ಪ್ರಕರಣ ಕೇಳಿ. "ಇನ್ನು ಎರಡು ತಿಂಗಳಿಗೆ ನಂದು ರಿಟೈರ್‌ಮೆಂಟು. ಆಮೇಲೆ ಕೌಂಟರ್ ನಾನು ನೋಡ್ಕೋತೀನಿ. ಅತ್ತಿಗೆ ಮನೇಲಿ ಆರಾಮಾಗಿರಲಿ, ಪಾಪ."

ಆ ಪಾಪ ಅನ್ನುವ ಮಾತು ನನ್ನ ಮೈ ಉರಿಸಿತು. ಇಂಥ ಹೊತ್ತಿನಲ್ಲಿ ಸೈಡ್‌ಕಾರಿನ ಸುದ್ದಿ ಬಂತು.

ಊಟಕ್ಕೆ ಕೂತಾಗ ನಮ್ಮವರು, "ನಾಳೆ ಕಿಡಿ ಹತ್ರ ಕೆಲಸ ಶುರು" ಅಂದರು. ಕಿಡಿ ಅಂದರೆ ಮುಖ್ಯರಸ್ತೆಯ ವೆಲ್ಡಿಂಗ್ ಅಂಗಡಿಯವನು.

"ಏನು ಕೆಲಸ?" ಅಂದಳು ನಾದಿನಿ.

"ಬೈಕಿಗೆ ಸೈಡ್‌ಕಾರ್. ನಿಮ್ಮತ್ತಿಗೆ ನಾಲ್ಕು ಸಲ ಹೂಂ ಅಂದಾಯ್ತು. ಕಪಾಟಿನ ದುಡ್ಡು ತೆಗೀಲಾ ಅಂದಿದ್ದಕ್ಕೂ ಹೂಂ ಅಂದಿದಾಳೆ."

ನನ್ನ ಬಾಯಲ್ಲಿದ್ದ ಅನ್ನ ಅಲ್ಲೇ ನಿಂತಿತು. ಅಡುಗೆಮನೆಯ ಕಪಾಟಿಗೆಂದು ಎತ್ತಿಟ್ಟ ದುಡ್ಡು. ಈಗಿರುವ ಕಪಾಟಿನ ಬಾಗಿಲು ತೆಗೆಯುವಾಗ ಒಂದು ಕೈಯಲ್ಲಿ ಹಿಡಿದುಕೊಳ್ಳದಿದ್ದರೆ ತಲೆಯ ಮೇಲೆ ಬೀಳುತ್ತದೆ. ಆದರೆ ಏನಂತ ಹೇಳಲಿ? ಕೇಳಿಸಿರಲಿಲ್ಲ ಅಂದರೆ, ಯಾಕೆ ಕೇಳಿಸಿರಲಿಲ್ಲ ಅನ್ನುವ ಮಾತು ಬರುತ್ತದೆ. ನುಂಗಿಕೊಂಡೆ, ಅನ್ನವನ್ನೂ ಮಾತನ್ನೂ.

ನಾದಿನಿ ನನ್ನ ಪರವಾಗಿ ಬೆಂಕಿ ಕಾರಿದಳು. "ಅಷ್ಟು ದುಡ್ಡಿಗೆ ಹಳೇ ಕಾರೇ ಬರುತ್ತಲ್ಲಣ್ಣ, ನೆತ್ತಿ ಮೇಲೆ ಸೂರಿರುತ್ತೆ, ನಾಲ್ಕು ಬಾಗಿಲಿರುತ್ತೆ. ಇದು ಅತ್ತ ಕಾರೂ ಅಲ್ಲ, ಇತ್ತ ಬೈಕೂ ಅಲ್ಲ. ಮಳೆ ಬಂದ್ರೆ ಬೈಕಿನ ಹಾಗೆ ನೆನೀತೀರಿ, ಟ್ರಾಫಿಕ್ಕಲ್ಲಿ ಕಾರಿನ ಹಾಗೆ ಸಿಕ್ಕಾಕೊಳ್ತೀರಿ. ಎರಡರ ತೊಂದರೆನೂ ಒಟ್ಟಿಗೆ ದುಡ್ಡು ಕೊಟ್ಟು ತರ್ತಾರಾ ಯಾರಾದ್ರೂ?"

"ಬೈಕಲ್ಲಿ ಹಿಂದೆ ಕೂತವರ ಮುಖ ಕಾಣಲ್ಲ" ಅಂದರು ನಮ್ಮವರು. "ಇದರಲ್ಲಾದ್ರೆ ಪಕ್ಕಪಕ್ಕ ಕೂತು ಮಾತಾಡ್ತಾ ಹೋಗಬಹುದು."

"ಮೂವತ್ತು ವರ್ಷ ಆದ್ಮೇಲೆ ಇನ್ನೇನಣ್ಣ ಮಾತು?"

"ಅದನ್ನೇ ನೋಡೋಣ ಅಂತ."

ಕಪಾಟು ಹೋದದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಹೆದರಿಸಿತು. ನಮ್ಮಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಓಡುತ್ತವೆ. ಆದ್ದರಿಂದ ಸೈಡ್‌ಕಾರನ್ನು ಬೈಕಿನ ಎಡಕ್ಕೆ, ಅಂದರೆ ಫುಟ್‌ಪಾತಿನ ಕಡೆಗೆ ಕಟ್ಟುತ್ತಾರೆ. ಅಲ್ಲಿ ಕೂತರೆ ಓಡಿಸುವವರು ನನ್ನ ಬಲಕ್ಕೆ ಬರುತ್ತಾರೆ. ಸತ್ತ ಕಿವಿಯ ಪಕ್ಕಕ್ಕೇ. ಹಿಂದಿನ ಸೀಟಿನಲ್ಲಾದರೆ ಗಾಳಿಯ ಮೇಲೆ ತಪ್ಪು ಹೊರಿಸಬಹುದು. ಮೊಳ ದೂರದಲ್ಲಿ, ಮುಖ ಕಾಣುವ ಹಾಗೆ ಕೂತು ಮಾತಾಡುವಾಗ ಯಾರ ಮೇಲೆ ಹೊರಿಸಲಿ? ಎರಡು ಬೀದಿ ದಾಟುವುದರೊಳಗೆ ನನ್ನ ಬಂಡವಾಳ ಬಯಲಾಗುತ್ತದೆ, ಎರಡು ತಿಂಗಳಲ್ಲಿ ನಾದಿನಿ ನನ್ನ ಸ್ಟೂಲಿನ ಮೇಲೆ ಕೂತು ಸರ್ವೇಯರನಿಗೂ ಕಂಡಕ್ಟರ್ ದನಿಯಲ್ಲಿ ಹೆಸರು ಕೇಳುತ್ತಾಳೆ.

ಮೂರು ವಾರ ನಾನು ತಯಾರಿ ನಡೆಸಿದೆ. ಅಂಗಡಿಯ ಕನ್ನಡಿಯಲ್ಲಿ ಇವರ ತುಟಿ ನೋಡಿ ಮಾತು ಊಹಿಸುವುದನ್ನು ಅಭ್ಯಾಸ ಮಾಡಿದೆ. ಕನ್ನಡಿಯಲ್ಲಿ ತುಟಿ ಕೂಡ ಉಲ್ಟಾ. "ಅಂಟು ಕೊಡು" ಅಂದಿದ್ದಕ್ಕೆ ಗಂಟೆ ಎಷ್ಟು ಅಂತ ಹೇಳಿದೆ. ಇವರು ಒಂದು ಕ್ಷಣ ನನ್ನನ್ನು ನೋಡಿ, ಎದ್ದು ತಾವೇ ಅಂಟು ತೆಗೆದುಕೊಂಡರು. ಕಿವಿ ಪೂರ್ತಿ ಮುಚ್ಚುವ, ಒಳಗೆ ದಪ್ಪ ಸ್ಪಂಜು ಇರುವ ಹೆಲ್ಮೆಟ್ಟನ್ನು ಕೊಂಡು ತಂದೆ, ನೆಪಕ್ಕಾದರೂ ಇರಲಿ ಅಂತ. ಇವರು ಅದನ್ನು ಹಿಂದಿರುಗಿಸಿ, ಕಿವಿ ಬಿಟ್ಟಿರುವ ಹೆಲ್ಮೆಟ್ಟು ತಂದರು.

ಕೊನೆಗೂ ಒಂದು ಭಾನುವಾರ ಬೆಳಿಗ್ಗೆ ಬೀದಿಯ ತುದಿಯಲ್ಲಿ ಗಡಗಡ ಸದ್ದಾಯಿತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ನಾದಿನಿ ಮಹಡಿಯ ಮೇಲಿಂದ ಬಿದ್ದು ಬಿದ್ದು ನಗುತ್ತಿದ್ದಳು. ಎದುರುಮನೆಯ ಟೈಲರು ಕತ್ತರಿ ಹಿಡಿದೇ ಹೊರಗೆ ಬಂದಿದ್ದ. ಬೈಕಿಗೆ ಹೊಂದಿಕೊಂಡು ಲಿಂಬೆಹಣ್ಣಿನ ಹಳದಿಯ ಒಂದು ಪುಟ್ಟ ತೊಟ್ಟಿಲು, ಒಳಗೆ ಕೆಂಪು ಮೆತ್ತೆ, ಮುಂದೆ ಗಾಜು, ಕೆಳಗೆ ಒಂದು ಚಕ್ರ. ಎಲ್ಲ ಸರಿ. ಆದರೆ ಅದು ಬೈಕಿನ ಬಲಕ್ಕಿತ್ತು.

"ಅಣ್ಣ ಕನ್ನಡಿ ನೋಡ್ಕೊಂಡು ನಕ್ಷೆ ಬರೆದಿದಾನೆ" ಅಂತ ನಾದಿನಿ ಇಡೀ ಬೀದಿಗೆ ಸಾರಿದಳು. "ಉಲ್ಟಾ ಮೇಷ್ಟ್ರು ಗಾಡಿನೂ ಉಲ್ಟಾ ಕೆತ್ತಿದ್ರು."

ಟೈಲರು ಹೊಟ್ಟೆ ಹಿಡಿದುಕೊಂಡ. "ಮೇಷ್ಟ್ರೇ, ಇದನ್ನ ರಸ್ತೆ ಮೇಲೆ ಒತ್ತಿದ್ರೆ ಸರಿ ಬರುತ್ತೇನೋ ನೋಡಿ."

ನಮ್ಮವರು ತಲೆ ಕೆರೆದುಕೊಂಡು ನಿಂತರು. "ಅಭ್ಯಾಸ ನೋಡಿ, ಕೈ ತಾನಾಗೇ ಆ ಕಡೆ ಹೋಯ್ತು" ಅಂದರು. "ಬಿಚ್ಚಿ ಈ ಕಡೆ ಹಾಕಿಸೋಣ ಅಂದ್ರೆ ಮತ್ತೆ ಅಷ್ಟೇ ಖರ್ಚು."

ನಾನು ಅಷ್ಟು ಹೊತ್ತಿಗೆ ಮನಸ್ಸಿನಲ್ಲಿ ದಿಕ್ಕು ಲೆಕ್ಕ ಹಾಕಿ ಮುಗಿಸಿದ್ದೆ. ತೊಟ್ಟಿಲು ಬಲಕ್ಕಿದ್ದರೆ ನಾನು ಬಲಕ್ಕೆ, ಇವರು ನನ್ನ ಎಡಕ್ಕೆ. ಎಡಗಿವಿ. ನನ್ನ ಗಟ್ಟಿಮುಟ್ಟಾದ, ಪಿಸುಮಾತನ್ನೂ ಬಿಡದ ಎಡಗಿವಿ. ನನಗೆ ಎಷ್ಟು ಖುಷಿಯಾಯಿತೆಂದರೆ ಟೈಲರನ ಕತ್ತರಿಗೂ ಒಂದು ಮುತ್ತು ಕೊಡಬೇಕು ಅನ್ನಿಸಿತು. ಎಲ್ಲರೂ ನಗುತ್ತಿದ್ದರಲ್ಲ, ನಾನೂ ನಕ್ಕೆ, ಅವರೆಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವವರೆಗೆ.

"ಬಿಚ್ಚೋದು ಬೇಡ. ಹೀಗೇ ಇರಲಿ" ಅಂದೆ.

ನಾದಿನಿಯ ನಗು ನಿಂತಿತು. "ಅತ್ತಿಗೆ, ಅದರಲ್ಲಿ ಕೂತ್ರೆ ನಡುರಸ್ತೇಲಿ ಕೂತ ಹಾಗೆ. ಎದುರಿಗೆ ಬರೋ ಲಾರಿ ನಿಮ್ಮ ಮೂಗು ಸವರಿಕೊಂಡು ಹೋಗುತ್ತೆ."

"ಸವರಲಿ ಬಿಡು. ಉದ್ದದ ಮೂಗು" ಅಂದೆ.

ಗಾಡಿ ತಪಾಸಣೆ ಮಾಡುವ ಅಧಿಕಾರಿ ಅದರ ಸುತ್ತ ಮೂರು ಸುತ್ತು ಬಂದರು, ನಿಯಮದ ಪುಸ್ತಕವನ್ನು ಆ ತುದಿಯಿಂದ ಈ ತುದಿಗೆ ಓದಿದರು. ಅದರಲ್ಲಿ ಅಗಲ ಎಷ್ಟಿರಬೇಕು, ದೀಪ ಎಲ್ಲಿರಬೇಕು, ಬ್ರೇಕು ಹೇಗಿರಬೇಕು ಅಂತೆಲ್ಲ ಇತ್ತು. ಯಾವ ಕಡೆ ಅಂತ ಮಾತ್ರ ಬರೆದಿರಲಿಲ್ಲ. ಬರೆಯಬೇಕಾದೀತು ಅಂತ ಯಾರಿಗೂ ಹೊಳೆದಿರಲಿಲ್ಲ. ಅವರು ನಿಟ್ಟುಸಿರು ಬಿಟ್ಟು "ಒಪ್ಪಿದೆ" ಅಂತ ಸ್ಟ್ಯಾಂಪು ಒತ್ತಿದರು. ಆ ಸ್ಟ್ಯಾಂಪು ಇವರೇ ಕೆತ್ತಿದ್ದು. "ಅಂಚು ಇನ್ನೂ ಸವೆದಿಲ್ಲ ನೋಡು" ಅಂತ ನನ್ನ ಕಿವಿಯಲ್ಲಿ ಹೇಳಿದರು. ಎಡಗಿವಿಯಲ್ಲಿ.

ಮೊದಲ ಸವಾರಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನೆಲ ಅಷ್ಟು ಹತ್ತಿರ ಓಡುವುದನ್ನು ನಾನು ನೋಡಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಅಕ್ಕಪಕ್ಕದ ಕಾರಿನವರೆಲ್ಲ ಕಿಟಕಿ ಇಳಿಸುತ್ತಾರೆ. ಒಬ್ಬರು ಎಷ್ಟಾಯಿತು ಅಂತ ಕೇಳಿದರು, ಇನ್ನೊಬ್ಬರು ಯಾಕಾಯಿತು ಅಂತ ಕೇಳಿದರು. ಎದುರಿನಿಂದ ಬರುವ ಲಾರಿ ಡ್ರೈವರುಗಳ ಮೂಗಿನ ಕೂದಲು ಕೂಡ ಕಾಣುತ್ತಿತ್ತು. ಹೆದರಿ ಕಿರುಚಿದೆ, ಕಿರುಚಿ ನಕ್ಕೆ, ನಕ್ಕು ಬಿಕ್ಕಳಿಕೆ ಬಂತು. ಆದರೆ ಎಲ್ಲಕ್ಕಿಂತ ಮಿಗಿಲಾದದ್ದು, ನನಗೆ ಇವರ ಮಾತು ಪೂರ್ತಿ ಕೇಳುತ್ತಿತ್ತು, ಬಾಲದಿಂದ ತಲೆಯವರೆಗೆ.

ಇವರು ಏನು ಮಾತಾಡುತ್ತಾರೆ ಅಂದುಕೊಂಡಿರಿ? ಅಂಗಡಿಗಳ ಬೋರ್ಡನ್ನು ಹಿಂದುಮುಂದಾಗಿ ಓದುತ್ತಾರೆ.

"ಡಿಗಅಂ ಲಿಪ್ಪಚ" ಅಂದರು ಮೊದಲ ತಿರುವಿನಲ್ಲಿ, ತಮ್ಮಷ್ಟಕ್ಕೆ ತಾವು, ತುಂಬ ಗಂಭೀರವಾಗಿ.

ನಾನು ಬೋರ್ಡು ನೋಡಿದೆ. ಚಪ್ಪಲಿ ಅಂಗಡಿ.

"ಇದನ್ನ ಯಾವಾಗಿಂದ ಮಾಡ್ತಿದೀರಿ?"

"ಯಾವಾಗಿಂದ ಅಂದ್ರೆ? ಮದುವೆ ಆದಾಗಿಂದ. ನೀನು ಎಲ್ಲದಕ್ಕೂ ಹೂಂ ಅಂತಿದ್ದೆಯಲ್ಲ, ನಿನಗೂ ಇಷ್ಟ ಅಂದುಕೊಂಡಿದ್ದೆ."

ಮೂವತ್ತು ವರ್ಷ ಡಿಗಅಂ ಲಿಪ್ಪಚಕ್ಕೆ ಹೂಂ ಅಂದವಳು ನಾನು. ಇಂಥ ಗಂಡ ಸಿಕ್ಕಿದ್ದಕ್ಕೆ ಬೈದುಕೊಳ್ಳಲೋ ಹಿಗ್ಗಲೋ ತಿಳಿಯದೆ, ಮುಂದಿನ ಬೋರ್ಡನ್ನು ನಾನೇ ಹಿಂದುಮುಂದಾಗಿ ಓದಿದೆ. ಇವರಿಗೆ ಎಷ್ಟು ಸಂತೋಷವಾಯಿತೆಂದರೆ ಬೈಕು ಸೊಟ್ಟಗೆ ಹೋಯಿತು.

ನಡುರಸ್ತೆಯ ಕಡೆ ಕೂತಿದ್ದರಿಂದ ನನಗೊಂದು ಕೆಲಸವೂ ಸಿಕ್ಕಿತು. ಮುಂದೆ ದೊಡ್ಡ ಗಾಡಿ ಅಡ್ಡ ಇದ್ದರೆ ಇವರಿಗೆ ಎದುರಿನ ರಸ್ತೆ ಕಾಣುವುದಿಲ್ಲ, ನನಗೆ ಕಾಣುತ್ತದೆ. "ಹೋಗಲಾ?" ಅಂತ ಇವರು ಕೇಳುತ್ತಾರೆ. ನಾನು ಕತ್ತು ಚಾಚಿ ನೋಡಿ ಹೇಳಬೇಕು, ಹೂಂ ಅಥವಾ ಊಹೂಂ. ಇವರು ಮರುಮಾತಿಲ್ಲದೆ ಅದನ್ನು ನಂಬಿ ಗಾಡಿ ತಿರುಗಿಸುತ್ತಾರೆ. ಮೊದಲನೇ ಸಲ ನಾನು ಮೂರು ಬಾರಿ ಇಣುಕಿ ನೋಡಿದ ಮೇಲೆ ಹೂಂ ಅಂದೆ. ಅಲ್ಲಿಯವರೆಗೆ ನನ್ನ ಹೂಂಗೆ ಇಷ್ಟು ತೂಕ ಇದೆ ಅಂತ ನನಗೇ ಗೊತ್ತಿರಲಿಲ್ಲ.

ಹದಿನೈದು ದಿನ ನಾವು ನೆಪ ಹುಡುಕಿಕೊಂಡು ತಿರುಗಿದೆವು. ಶಾಯಿ ತರಲು ಊರಾಚೆಯ ಗೋದಾಮಿಗೆ, ಹಿಡಿಕೆಯ ಮರ ತರಲು ನದಿಯಾಚೆಗೆ. ಹದಿನಾರನೇ ದಿನ ತೊಟ್ಟಿಲಿನ ಬಾಗಿಲ ಚಿಲಕ ಸಡಿಲವಾಯಿತು. ಕಿಡಿಯ ಅಂಗಡಿಗೆ ಹೋದೆವು. ಇವರು ಪೆಟ್ರೋಲ್ ಕ್ಯಾನು ಹಿಡಿದುಕೊಂಡು ಎದುರಿನ ಬಂಕಿಗೆ ನಡೆದರು, ನಾನು ಒಳಗೆ ಸ್ಟೂಲಿನ ಮೇಲೆ ಕೂತೆ. ಗೋಡೆಗೆ ಮೊಳೆ ಹೊಡೆದು ಒಂದು ಕಾಗದ ಸಿಕ್ಕಿಸಿತ್ತು. ಇವರ ನಕ್ಷೆ.

"ಅಕ್ಕಾ, ಇಂಥ ನಕ್ಷೆ ನಾನು ಜನ್ಮದಲ್ಲಿ ನೋಡಿಲ್ಲ" ಅಂದ ಕಿಡಿ, ಚಿಲಕ ಬಿಗಿಯುತ್ತಾ. "ಅದಕ್ಕೇ ಇಟ್ಕೊಂಡಿದೀನಿ. ಮೂರು ಸಲ ಕೇಳಿದೆ, ಬಲಕ್ಕೇನಾ ಮೇಷ್ಟ್ರೇ, ಬಲಕ್ಕೇನಾ ಅಂತ. ಬಲಕ್ಕೇ ಅಂದ್ರು."

ನಾನು ಎದ್ದು ಹತ್ತಿರ ಹೋದೆ. ಬೈಕು, ಅದರ ಮೇಲೆ ಇವರು, ಬಲಕ್ಕೆ ತೊಟ್ಟಿಲು, ತೊಟ್ಟಿಲಿನಲ್ಲಿ ಒಂದು ಉದ್ದ ಮೂಗಿನ ತಲೆ. ಪಕ್ಕದಲ್ಲಿ ಅಳತೆಗಳು. ಅಕ್ಷರವೆಲ್ಲ ಮುತ್ತಿನ ಹಾಗೆ ನೇರವಾಗಿದ್ದವು. ನನಗೆ ಅಲ್ಲೇ ತಟ್ಟಿತು. ಕೈ ಅಭ್ಯಾಸದಿಂದ ಉಲ್ಟಾ ಹೋಗಿದ್ದರೆ ಅಕ್ಷರವೂ ಉಲ್ಟಾ ಇರಬೇಕಿತ್ತು. ಕನ್ನಡಿ ಇಲ್ಲದೆ ಓದಲು ಬರುವ ನಕ್ಷೆಯಲ್ಲಿ ದಿಕ್ಕು ತಪ್ಪುವ ಮನುಷ್ಯ ಇವರಲ್ಲ. ಇವರ ತುಟಿಯಿಂದ ಆ ತಲೆಯವರೆಗೆ ಒಂದು ಗೆರೆ ಎಳೆದಿತ್ತು, ಗೆರೆಯ ಮೇಲೆ ಬರೆದಿತ್ತು: ಬಾಯಿಂದ ಕಿವಿಗೆ ಎರಡೂವರೆ ಅಡಿ, ಹೆಚ್ಚಬಾರದು.

"ಸೀಟು, ಚಕ್ರ ಎಲ್ಲದರ ಅಳತೆ ಆಮೇಲೆ ಅಕ್ಕಾ" ಅಂದ ಕಿಡಿ. "ಮೊದಲು ಇದೊಂದು ಅಳತೆ ಕೊಟ್ರು. ಮಿಕ್ಕಿದ್ದೆಲ್ಲ ಇದಕ್ಕೆ ಹೊಂದಿಸು ಅಂದ್ರು."

ಮೊದಲು ಬಂದದ್ದು ಸಿಟ್ಟು. ಮೂರು ವರ್ಷ ನನ್ನನ್ನು ಆಟ ಆಡಿಸಿದರಾ ಅಂತ. ಅದರ ಹಿಂದೆಯೇ ನಾಚಿಕೆ. ಮುದ್ದಿನ ಚೀಟಿ, ಎಳೆದು ಹಾಕಿದ ಕೌಂಟರು, ಹಿಂದಿರುಗಿಸಿದ ಹೆಲ್ಮೆಟ್ಟು ಎಲ್ಲ ಒಂದೊಂದಾಗಿ ನೆನಪಾದವು. ಬೀದಿಯವರೆಲ್ಲ ನಗುವಾಗ ತಲೆ ಕೆರೆದುಕೊಂಡು ನಿಂತಿದ್ದರಲ್ಲ, ಅದು ನೆನಪಾದಾಗ ಮಾತ್ರ ನನಗೆ ಅಳು ತಡೆಯಲಾಗಲಿಲ್ಲ. ಕಿಡಿ ಗಾಬರಿಯಾಗಿ, ವೆಲ್ಡಿಂಗ್ ಬೆಳಕನ್ನು ನೋಡಬಾರದು ಅಕ್ಕಾ ಅಂತ ತನ್ನ ಕಪ್ಪು ಕನ್ನಡಕ ಕೊಟ್ಟ. ಅವನು ಆಗ ವೆಲ್ಡಿಂಗ್ ಮಾಡುತ್ತಲೇ ಇರಲಿಲ್ಲ.

ವಾಪಸು ಬರುವಾಗ ಒಂದು ಮೈಲಿಯೊಳಗೆ ಇವರು ಎರಡು ಬೋರ್ಡು ಓದಿದರು, ನಾನು ಹೂಂ ಅನ್ನಲಿಲ್ಲ.

"ನಕ್ಷೆ ನೋಡಿದೆ" ಅಂದೆ ಕೊನೆಗೆ.

"ಯಾವ ನಕ್ಷೆ?"

"ಬಾಯಿ ಕಿವಿ ನಕ್ಷೆ."

ಇವರು ಗೇರು ಬದಲಿಸಿದರು. "ಮೂಗು ಸರಿ ಬಂದಿದೆಯಾ?"

"ತಮಾಷೆ ಸಾಕು. ನಿಮಗೆ ಯಾವಾಗ ಗೊತ್ತಾಯ್ತು?"

"ಫೋನ್ ರಿಪೇರಿಗೆ ಕೊಟ್ಟೆಯಲ್ಲ, ಆವತ್ತೇ. ಫೋನ್ ಸರಿ ಇದೆ, ಅಕ್ಕನ ಕಿವಿ ತೋರಿಸಿ ಅಂದ ಅಂಗಡಿಯವನು."

"ಮತ್ತೆ ಮೂರು ವರ್ಷ ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

ಇವರು ನನ್ನ ಕಡೆ ತಿರುಗಿ ನೋಡಿದರು. ಮುಖದಲ್ಲಿ ನಿಜವಾದ ಆಶ್ಚರ್ಯ ಇತ್ತು. "ಕೇಳಿದೆನಲ್ಲ. ಎರಡು ದಿನ ಬಿಟ್ಟು ಕೇಳಿದೆ."

"ಎಲ್ಲಿ?"

"ಬೈಕಲ್ಲಿ. ನಿನ್ನ ಬಲಗಿವಿ ಕೇಳಿಸಲ್ವಾ ಅಂತ ಕೇಳಿದೆ. ನೀನು ಹೂಂ ಅಂದೆ."

ನಾನು ತೊಟ್ಟಿಲಿನ ಅಂಚು ಹಿಡಿದು ಇವರ ಕಡೆಗೆ ಬಗ್ಗಿದೆ.

"ಡಾಕ್ಟ್ರಿಗೆ ತೋರಿಸಿದೆಯಾ ಅಂತ ಕೇಳಿದೆ. ನೀನು ಹೂಂ ಅಂದೆ. ಯಾರಿಗೂ ಹೇಳೋದು ಬೇಡ್ವಾ ಅಂದಿದ್ದಕ್ಕೂ ಹೂಂ. ಮನೇಲೂ ನಾವಿಬ್ಬರು ಈ ಮಾತು ಎತ್ತೋದು ಬೇಡ್ವಾ ಅಂದಿದ್ದಕ್ಕೆ ಎರಡು ಸಲ ಹೂಂ ಅಂದೆ, ಭುಜ ಬೇರೆ ಗಟ್ಟಿಯಾಗಿ ತಟ್ಟಿದೆ. ನನಗೂ ಬೇಜಾರಾಯ್ತು. ಆದ್ರೆ ನೀನೇ ಬೇಡ ಅಂದ್ಮೇಲೆ ನಾನ್ಯಾಕೆ ಎತ್ತಲಿ? ಸೈಡ್‌ಕಾರ್ ಆ ಕಿವಿ ಬಿಟ್ಟು ಈ ಕಿವಿ ಕಡೆ ಹಾಕಿಸಲಾ ಅಂತ ನಾಲ್ಕು ಸಲ ಕೇಳಿದೆ."

"ನಾಲ್ಕು ಸಲಾನೂ..."

"ಹೂಂ."

ನಾನು ಮೂರು ವರ್ಷ ಪ್ರಾಣ ಕೈಯಲ್ಲಿ ಹಿಡಿದು ಮುಚ್ಚಿಟ್ಟ ಗುಟ್ಟನ್ನು ಎರಡನೇ ದಿನವೇ ನಡುರಸ್ತೆಯಲ್ಲಿ ಹೇಳಿ ಮುಗಿಸಿದ್ದೆ. ಅದನ್ನು ಕಾಪಾಡಲು ಇವರಿಂದ ಮಾತೂ ತೆಗೆದುಕೊಂಡಿದ್ದೆ. ಪಾಪ, ಇವರು ಆ ಮಾತು ಉಳಿಸಿಕೊಳ್ಳಲು ಇಡೀ ಬೀದಿಯ ಮುಂದೆ ತಪ್ಪು ಒಪ್ಪಿಕೊಂಡು ನಿಂತಿದ್ದರು. ನನಗೆ ನಗು ಎಲ್ಲಿಂದ ಉಕ್ಕಿತೋ ಗೊತ್ತಿಲ್ಲ. ಹೊಟ್ಟೆ ಹಿಡಿದುಕೊಂಡು ತೊಟ್ಟಿಲಿನೊಳಗೆ ಜಾರಿದೆ. ಹೊರಗಿನವರಿಗೆ ಒಂದು ಹೆಲ್ಮೆಟ್ಟು ಮಾತ್ರ ಅಲುಗಾಡುವುದು ಕಾಣುತ್ತಿದ್ದಿರಬೇಕು. ಯಾಕೆ ನಗ್ತೀಯ ಅಂತ ಇವರು ಕೇಳಿದರು. ನನಗೆ ಒಂದು ಪ್ರಶ್ನೆ ಕೂಡ ಕೇಳಿಸಿರಲಿಲ್ಲ, ಹೂಂ ಎಲ್ಲ ಗಾಳಿಗೆ ಅಂದದ್ದು ಅಂತ ಹೇಳಿದೆ. ಆಗ ಇವರೂ ಶುರುಮಾಡಿದರು, ನೋಡಿ, ನಗುವುದನ್ನು. ಗಾಡಿ ನಿಲ್ಲಿಸಬೇಕಾಯಿತು.

ಮತ್ತೆ ಹೊರಟು ದೊಡ್ಡ ಸಿಗ್ನಲ್ಲಿಗೆ ಬಂದು ನಿಂತಾಗ ನನ್ನ ಬಲಕ್ಕೆ ಒಂದು ಸಿಟಿ ಬಸ್ಸು ಬಂದು ನಿಂತಿತು. ಅದರ ಬಾಗಿಲು ಸರಿಯಾಗಿ ನನ್ನ ತೊಟ್ಟಿಲಿನ ಪಕ್ಕಕ್ಕೆ, ಬಾಗಿಲ ಮೆಟ್ಟಿಲ ಮೇಲೆ ನನ್ನ ನಾದಿನಿ. ಬಗ್ಗಿ ಏನೋ ಕೇಳಿದಳು. ಬಸ್ಸಿನ ಇಂಜಿನ್ನು ಒಂದು ಕಡೆ, ಸತ್ತ ಕಿವಿ ಇನ್ನೊಂದು ಕಡೆ, ಅವಳ ಗಂಟಲಿಗೂ ಅದು ಮೀರಿದ್ದು. "...ಕವಾ?" ಅನ್ನುವ ಬಾಲ ಮಾತ್ರ ಸಿಕ್ಕಿತು. ಹೂಂ ನಾಲಿಗೆಯ ತುದಿಗೆ ಬಂದಿತ್ತು.

ಅದನ್ನು ನುಂಗಿ ಹೆಲ್ಮೆಟ್ಟು ತೆಗೆದೆ. ಕೂತಲ್ಲೇ ಪೂರ್ತಿ ತಿರುಗಿ ಎಡಗಿವಿಯನ್ನು ಅವಳ ಕಡೆಗೆ ಹಿಡಿದೆ.

"ಈ ಕಿವಿಗೆ ಹೇಳು" ಅಂದೆ, ಬಸ್ಸಿಗೆಲ್ಲ ಕೇಳುವ ಹಾಗೆ. "ಬಲಗಿವಿ ರದ್ದಾಗಿ ಮೂರು ವರ್ಷ ಆಯ್ತು. ಕೌಂಟರ್ ಮಾತ್ರ ನಂದೇ."

ನಾದಿನಿ ಟಿಕೆಟ್ಟಿನ ಚೀಲ ಹಿಡಿದುಕೊಂಡು ನನ್ನನ್ನು ನೋಡಿದಳು. ಆಮೇಲೆ ಅಣ್ಣನನ್ನು, ಹಳದಿ ತೊಟ್ಟಿಲನ್ನು, ಅದು ಇರುವ ಕಡೆಯನ್ನು ನೋಡಿದಳು. ಅವಳು ದಡ್ಡಿಯಲ್ಲ, ದಿಕ್ಕು ಲೆಕ್ಕ ಹಾಕಲು ಅವಳಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅಷ್ಟು ದುಡ್ಡು ಹಾಕಿದ್ದು ಸಾರ್ಥಕವಾ ಅಂತ ಕೇಳಿದ್ದೆ. ಇನ್ನು ಹೇಳೋದು ಬೇಡ ಬಿಡಿ" ಅಂದಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ರದ್ದಾಗಿದೆಯಾ ಅತ್ತಿಗೆ, ಇಲ್ಲ ಮುದ್ದಾಗಿದೆಯಾ?"

ಹಸಿರು ದೀಪ ಬಂತು. ಅವಳು ಬಸ್ಸಿನ ಮೈಗೆ ಎರಡೇಟು ಹೊಡೆದು "ರೈಟ್" ಅಂದಳು, ಬಸ್ಸು ಮುಂದಕ್ಕೆ ಹೋಯಿತು. ಹೋಗುತ್ತಾ ಬಾಗಿಲಿನಿಂದ ಹೊರಗೆ ಬಾಗಿ ಇನ್ನೇನೋ ಕೂಗಿದಳು. ನನಗೆ ಕೇಳಿಸಲಿಲ್ಲ. ನಾನು ತೊಟ್ಟಿಲಿನಲ್ಲಿ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಮೂರು ವರ್ಷದಲ್ಲಿ ಮೊದಲನೇ ಸಲ ಗಟ್ಟಿಯಾಗಿ ಕೇಳಿದೆ.

"ಏನಂದೆ?"